ಸಪ್ತಾಪುರದ ಭಾನುವಾರದ ಕ್ರಿಪ್ಟಿಕ್ ಪದಬಂಧ ತರಗತಿ: 8 ವಾರಗಳ ಅನುಭವ

ಧಾರವಾಡದ ಸಪ್ತಾಪುರದಲ್ಲಿ, ಕೆಎಎಸ್, ಪಿಎಸ್‌ಐ ಮತ್ತು ಬ್ಯಾಂಕ್ ಪರೀಕ್ಷೆಗಳ ತರಬೇತಿ ಕೇಂದ್ರಗಳ ಬೋರ್ಡುಗಳು ಒಂದರ ಮೇಲೊಂದು ಏರಿ ನಿಂತಿರುವ ಓಣಿಯೊಂದರಲ್ಲಿ, ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ತಮ್ಮ ಮನೆಯ ಮಹಡಿಯ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 12ರವರೆಗೆ ಕ್ರಿಪ್ಟಿಕ್ ಪದಬಂಧ ಬಿಡಿಸುವುದನ್ನು ಕಲಿಸುತ್ತಾರೆ. 8 ಭಾನುವಾರಗಳ ಒಂದು ಸರಣಿಗೆ 1,000 ರೂಪಾಯಿ ಶುಲ್ಕವಿದ್ದು, ಝೆರಾಕ್ಸ್ ಪ್ರತಿಗಳ ಖರ್ಚೂ ನಡುವೆ ಒಮ್ಮೆ ಬರುವ ಚಹಾದ ಖರ್ಚೂ ಅದರಲ್ಲಿಯೇ ಸೇರಿದೆ. ತರಗತಿಗೆ ಬೋರ್ಡೂ ಇಲ್ಲ, ಹೆಸರೂ ಇಲ್ಲ. ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಅವರು ಕೇಳಿಕೊಂಡಿರುವುದರಿಂದ ನಾನು ಅವರನ್ನು ಇಲ್ಲಿ ಮಾಸ್ತರರು ಎಂದೇ ಕರೆಯುತ್ತೇನೆ. ಹುಬ್ಬಳ್ಳಿಯ ವಿದ್ಯಾನಗರದಿಂದ ಚಿಗರಿ ಬಸ್ಸು ಹಿಡಿದು 8 ವಾರವೂ ತಪ್ಪದೆ ಹೋಗಿ ಬಂದ ಮೇಲೆ, ಈ ತರಗತಿ ಯಾರಿಗೆ ಒಗ್ಗುತ್ತದೆ, ಎಲ್ಲಿ ಸುಧಾರಿಸಬೇಕು ಎಂಬುದನ್ನು ಆಸಕ್ತರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಪತ್ರಿಕೆಗಳಲ್ಲಿ ಬರುವ ಕನ್ನಡ ಪದಬಂಧದ ಸುಳಿವುಗಳು ಬಹುಮಟ್ಟಿಗೆ ನೇರವಾಗಿರುತ್ತವೆ: ‘ಆನೆ’ ಎಂದು ಕೊಟ್ಟರೆ ಗಜ, ಕರಿ, ಹಸ್ತಿ ಇವುಗಳಲ್ಲಿ ಮನೆಗಳಿಗೆ ಸರಿಹೋಗುವುದನ್ನು ತುಂಬಿದರೆ ಕೆಲಸ ಮುಗಿಯಿತು. ಕ್ರಿಪ್ಟಿಕ್ ಪದಬಂಧದ ರಚನೆ ಬೇರೆ. ಅದರಲ್ಲಿ ಪ್ರತಿಯೊಂದು ಸುಳಿವೂ ಮೇಲುನೋಟಕ್ಕೆ ಒಂದು ಸಾಧಾರಣ ವಾಕ್ಯದಂತೆ ಕಂಡರೂ ಒಳಗೆ ಎರಡು ತುಂಡುಗಳಾಗಿರುತ್ತದೆ. ಒಂದು ತುಂಡು ಉತ್ತರದ ಅರ್ಥವನ್ನು ಹೇಳುತ್ತದೆ, ಇನ್ನೊಂದು ಸಾಮಾನ್ಯವಾಗಿ ಆ ಉತ್ತರದ ಅಕ್ಷರಗಳನ್ನು ಹೇಗೆ ಕಟ್ಟಬೇಕೆಂಬುದನ್ನು ಹೇಳುತ್ತದೆ. ಮೊದಲ ದಿನ ಮಾಸ್ತರರು ತೆಗೆದುಕೊಂಡ ಉದಾಹರಣೆ ಇಂಗ್ಲಿಷಿನದು ಮತ್ತು ತೀರ ಸರಳವಾದದ್ದು: ಲೆಮನ್ ಎಂಬ ಪದವನ್ನು ಹಿಂಡಿದರೆ ಇನ್ನೊಂದು ಹಣ್ಣು ಬರುತ್ತದೆ ಎಂಬರ್ಥದ 5 ಅಕ್ಷರಗಳ ಸುಳಿವು. ‘ಹಿಂಡಿದರೆ’ ಎಂಬುದು ಅಕ್ಷರಗಳನ್ನು ಕಲೆಸು ಎಂಬ ಸೂಚನೆ, ‘ಇನ್ನೊಂದು ಹಣ್ಣು’ ಎಂಬುದು ಅರ್ಥ. ಲೆಮನ್‌ನ ಅವೇ 5 ಅಕ್ಷರಗಳು ಸ್ಥಳ ಬದಲಿಸಿ ಮೆಲನ್ ಆಗುತ್ತವೆ. ಹಾಗೆ ಹೇಳಿದವರೇ ಕರಿಹಲಗೆಯನ್ನು ಒರೆಸಿ, ತಾವು ಕನ್ನಡದಲ್ಲಿ ಕಟ್ಟಿದ ಒಂದು ಸುಳಿವನ್ನು ಬರೆದರು.

‘ಸುಮಾರು ತಿರುವುಗಳ ನಡುವೆ ಅಡಗಿದ ಹನುಮಂತ (3)’. ಆವರಣದಲ್ಲಿರುವುದು ಉತ್ತರದ ಅಕ್ಷರಗಳ ಸಂಖ್ಯೆ.

ಧಾರವಾಡದವರಿಗೆ ಇದನ್ನು ಓದಿದ ಕೂಡಲೇ ನುಗ್ಗಿಕೇರಿಯ ಹನುಮಪ್ಪನ ಗುಡಿ ಕಣ್ಣ ಮುಂದೆ ಬರುತ್ತದೆ, ಮನಸ್ಸು ಆ ದಾರಿಯ ಹಿಂದೆಯೇ ಹೊರಡುತ್ತದೆ. ನಾವು 12 ಜನರೂ ಹಾಗೆಯೇ ಹೊರಟೆವು. ಉತ್ತರ ಇದ್ದದ್ದು ದಾರಿಯಲ್ಲಲ್ಲ, ಅಕ್ಷರಗಳಲ್ಲಿ. ‘ಸುಮಾರು ತಿರುವುಗಳ’ ಎಂಬ ಎರಡು ಪದಗಳನ್ನು ಒಂದಕ್ಕೊಂದು ಅಂಟಿಸಿ ಓದಿದರೆ, ಮೊದಲಿನ ‘ಸು’ ಬಿಟ್ಟ ಮೇಲೆ ‘ಮಾರುತಿ’ ಅಲ್ಲಿಯೇ, ಒಂದು ಅಕ್ಷರವೂ ಕದಲದೆ, ಕುಳಿತಿದ್ದಾನೆ. ಅದನ್ನು ಕಂಡ ಕ್ಷಣ ಕೋಣೆಯಲ್ಲಿ ಎದ್ದ ಉದ್ಗಾರವನ್ನು ನಾನು ಈಗಲೂ ಮರೆತಿಲ್ಲ.

ಈ ತರಗತಿಯ ನಿಜವಾದ ಬೆಲೆ ತಿಳಿಯುವುದು ಅದರ ಮುಂದಿನ ಹೆಜ್ಜೆಯಲ್ಲಿ. ಪ್ರತಿಯೊಬ್ಬರೂ 200 ಪುಟದ ಒಂದು ನೋಟುಬುಕ್ಕು ಇಟ್ಟುಕೊಳ್ಳಬೇಕು, ಪುಟವನ್ನು ಮೂರು ಕಾಲಂಗಳಾಗಿ ಗೆರೆ ಎಳೆದುಕೊಳ್ಳಬೇಕು. ಮೊದಲ ಕಾಲಂನಲ್ಲಿ ಸುಳಿವಿನ ಯಾವ ಭಾಗ ಅರ್ಥವನ್ನು ಹೇಳುತ್ತದೆ ಎಂಬುದನ್ನೂ ಎರಡನೆಯದರಲ್ಲಿ ಯಾವ ಭಾಗ ಅಕ್ಷರಗಳ ಆಟವನ್ನು ಹೇಳುತ್ತದೆ ಎಂಬುದನ್ನೂ ಬರೆಯಬೇಕು. ಮೂರನೆಯ ಕಾಲಂನ ತಲೆಬರಹ ‘ಉಳಿದ ಪದಗಳು’. ಈ ಮೂರನೆಯ ಕಾಲಂ ಖಾಲಿ ಇದ್ದರೆ ಮಾತ್ರ ಸುಳಿವು ಬಿಡಿಸಿದಂತೆ; ಅಲ್ಲಿ ಒಂದೇ ಒಂದು ಪದ ಉಳಿದಿದ್ದರೂ ಉತ್ತರ ಸರಿಯಿರಲಿ, ತಪ್ಪಿರಲಿ, ಅವರು ಅದನ್ನು ಒಪ್ಪುವುದಿಲ್ಲ.

ಎರಡನೆಯ ವಾರ ಅವರು ಬರೆದ ಸುಳಿವು ಎರಡೇ ಪದಗಳದ್ದು: ‘ಹುಡುಕು, ದೊರೆ! (3)’. ರೈಲ್ವೆಯಿಂದ ನಿವೃತ್ತರಾದ ಹುಬ್ಬಳ್ಳಿಯ ಹಿರಿಯರೊಬ್ಬರು ಚಾಕ್‌ಪೀಸು ಕೆಳಗಿಡುವ ಮೊದಲೇ ‘ಅರಸು’ ಎಂದುಬಿಟ್ಟರು. ಹುಡುಕು ಎಂದರೆ ಅರಸು, ಸರಿಯಾಯಿತಲ್ಲ ಎಂದು ನಾವೆಲ್ಲ ತಲೆಯಾಡಿಸಿದೆವು. ಮಾಸ್ತರರು ಮಾತ್ರ ಅವರ ನೋಟುಬುಕ್ಕನ್ನು ಕೈಗೆತ್ತಿಕೊಂಡು, “ಹುಡುಕೂದು ತಿಳೀತ್ರಿ ಸರ್. ಆದ್ರ ದೊರಿ ಅಲ್ಲಿ ಯಾಕ ನಿಂತಾನ್ರೀ?” ಎಂದು ಕೇಳಿದರು. ಹಿರಿಯರು ಅರ್ಧ ನಿಮಿಷ ಸುಮ್ಮನೆ ಕುಳಿತು, ಆಮೇಲೆ ಮೆಲ್ಲಗೆ, “ದೊರಿನೂ ಅರಸನಽ ಅಲ್ರೀ” ಎಂದರು. ಸುಳಿವಿನಲ್ಲಿ ಇದ್ದದ್ದು ಎರಡು ಪದ, ಎರಡೂ ಒಂದೇ ಉತ್ತರದ ಬೇರೆ ಬೇರೆ ಅರ್ಥಗಳು. ಕ್ರಿಯಾಪದವಾಗಿ ಅರಸು ಎಂದರೆ ಹುಡುಕು, ನಾಮಪದವಾಗಿ ಅರಸು ಎಂದರೆ ದೊರೆ. ನಡುವಿನ ಅಲ್ಪವಿರಾಮವು ರಾಜನನ್ನು ಕರೆದು ಆಜ್ಞೆ ಮಾಡಿದಂತೆ ಕಾಣಿಸಿ ನಮ್ಮನ್ನು ದಾರಿ ತಪ್ಪಿಸಲೆಂದೇ ಇತ್ತು. ಉತ್ತರ ಗೊತ್ತಾದ ಮೇಲೆಯೂ ಸುಳಿವಿನ ಅರ್ಧ ಭಾಗ ನಮಗೆ ಗೊತ್ತಿರಲಿಲ್ಲ ಎಂಬುದು ಆ ಹೊತ್ತಿಗೆ ಎಲ್ಲರಿಗೂ ಮನದಟ್ಟಾಯಿತು.

ನನಗೆ ಇದು ಹೆಚ್ಚು ತಟ್ಟಲು ಒಂದು ಕಾರಣವಿದೆ. ಈ ತರಗತಿಗೆ ಸೇರುವ ಮೊದಲು ನಾನು ಮೊಬೈಲಿನ ಪದಬಂಧ ಆ್ಯಪ್ ಒಂದಕ್ಕೆ ಇಡೀ ವರ್ಷದ ಚಂದಾ ಕಟ್ಟಿದ್ದೆ. ಅದರಲ್ಲಿ ಸುಳಿವು ಬಗೆಹರಿಯದಿದ್ದರೆ ಒಂದು ಬಟನ್ ಒತ್ತಿದ ತಕ್ಷಣ ಉತ್ತರ ಮೂಡುತ್ತಿತ್ತು, ಆದರೆ ಆ ಉತ್ತರ ಹೇಗೆ ಬಂದಿತೆಂಬ ಒಂದು ಸಾಲು ಕೂಡ ಇರುತ್ತಿರಲಿಲ್ಲ. ತಿಂಗಳುಗಟ್ಟಲೆ ಉತ್ತರಗಳನ್ನು ನೋಡುತ್ತ ಹೋದರೂ ಮರುದಿನದ ಸುಳಿವಿನ ಮುಂದೆ ನಾನು ನಿನ್ನೆ ನಿಂತಲ್ಲಿಯೇ ನಿಂತಿರುತ್ತಿದ್ದೆ. ಸಹಾಯವಾಣಿಗೆ ಎರಡು ಸಲ ಬರೆದರೂ ಉತ್ತರ ಬರಲಿಲ್ಲ, ಕಟ್ಟಿದ ಹಣವೂ ಹಿಂತಿರುಗಲಿಲ್ಲ. ಸಪ್ತಾಪುರದಲ್ಲಿ 8 ವಾರದಲ್ಲಿ ನಾವು ಬಿಡಿಸಿದ ಸುಳಿವುಗಳು ಆ ಆ್ಯಪಿನಲ್ಲಿ ನಾನು ನೋಡಿದ್ದಕ್ಕಿಂತ ಬಹಳ ಕಡಿಮೆ, ಆದರೆ ಬಿಡಿಸಿದ ಒಂದೊಂದನ್ನೂ ಇವತ್ತು ಬೇರೆಯವರಿಗೆ ಹಲಗೆಯ ಮೇಲೆ ಬರೆದು ವಿವರಿಸಬಲ್ಲೆ.

ಇತಿಹಾಸಕ್ಕೆ ಮಾಸ್ತರರು ಮೊದಲ ತರಗತಿಯ ಮುಕ್ಕಾಲು ಗಂಟೆ ಕೊಟ್ಟರು. ನನ್ನ ಲೆಕ್ಕದಲ್ಲಿ ಅದು ಹೆಚ್ಚಾಯಿತು, ಆದರೂ ಹೇಳಿದ ಸಂಗತಿಗಳು ತಿಳಿದಿರಬೇಕಾದವೇ. ಲಿವರ್‌ಪೂಲ್‌ನಲ್ಲಿ ಹುಟ್ಟಿದ ಆರ್ಥರ್ ವಿನ್ ಎಂಬ ಪತ್ರಕರ್ತ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ 1913ರ ಡಿಸೆಂಬರ್ 21ರಂದು ವಜ್ರಾಕೃತಿಯ ಮೊದಲ ಪದಬಂಧವನ್ನು ಪ್ರಕಟಿಸಿದ. ಅದು ನೇರ ಸುಳಿವುಗಳದ್ದು. ಸುಳಿವನ್ನೇ ಒಗಟಾಗಿಸುವ ಪದ್ಧತಿ ಬೆಳೆದದ್ದು ಇಂಗ್ಲೆಂಡಿನಲ್ಲಿ, ಅಬ್ಸರ್ವರ್ ಪತ್ರಿಕೆಗೆ 1926ರಿಂದ ಟಾರ್ಕೆಮಾಡಾ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಅವರ ಕೈಯಲ್ಲಿ. 1939ರಲ್ಲಿ ಆ ಸ್ಥಾನಕ್ಕೆ ಬಂದ ಡೆರಿಕ್ ಮ್ಯಾಕ್‌ನಟ್ ಅವರು ಜಿಮೆನೆಸ್ ಎಂಬ ಹೆಸರಿನಲ್ಲಿ ಬರೆದರು. ಈ ಎರಡೂ ಹೆಸರುಗಳು ಸ್ಪೇನ್ ದೇಶದ ಕ್ರೂರ ಧಾರ್ಮಿಕ ವಿಚಾರಣಾಧಿಕಾರಿಗಳವು ಎಂಬುದರಿಂದಲೇ ಬಿಡಿಸುವವರಿಗೆ ಆಗುತ್ತಿದ್ದ ಕಷ್ಟವನ್ನು ಊಹಿಸಬಹುದು. ಜಿಮೆನೆಸ್ ಅವರು ಸುಳಿವಿಗೆ ಹಾಕಿಕೊಟ್ಟ ನಿಯಮವೇ ನಮ್ಮ ಮೂರು ಕಾಲಂಗಳ ಮೂಲ: ಒಂದು ನಿಖರವಾದ ಅರ್ಥಸೂಚನೆ, ಒಂದು ನ್ಯಾಯವಾದ ಪದರಚನೆಯ ಸೂಚನೆ, ಇವೆರಡನ್ನು ಬಿಟ್ಟು ಬೇರೇನೂ ಇರಬಾರದು. ಎರಡನೆಯ ಮಹಾಯುದ್ಧದ ಹೊತ್ತಿಗೆ, 1942ರ ಜನವರಿಯಲ್ಲಿ ಡೈಲಿ ಟೆಲಿಗ್ರಾಫ್ ಪತ್ರಿಕೆಯ ಕಚೇರಿಯಲ್ಲಿ 12 ನಿಮಿಷದೊಳಗೆ ಪದಬಂಧ ಬಿಡಿಸುವ ಸ್ಪರ್ಧೆ ನಡೆದದ್ದು, ಅದರಲ್ಲಿ ಪಾಲ್ಗೊಂಡ ಕೆಲವರಿಗೆ ಆಮೇಲೆ ಬ್ಲೆಚ್ಲಿ ಪಾರ್ಕಿನ ಗುಪ್ತಲಿಪಿ ಭೇದಿಸುವ ಕೆಲಸಕ್ಕೆ ಕರೆ ಬಂದದ್ದು, 1944ರಲ್ಲಿ ನಾರ್ಮಂಡಿ ದಾಳಿಯ ಮುನ್ನಾ ವಾರಗಳಲ್ಲಿ ಅದೇ ಪತ್ರಿಕೆಯ ಪದಬಂಧದಲ್ಲಿ ಯೂಟಾ, ಒಮಾಹಾ, ಓವರ್‌ಲಾರ್ಡ್, ನೆಪ್ಚೂನ್ ಮುಂತಾದ ಯುದ್ಧದ ಸಂಕೇತಪದಗಳು ಉತ್ತರಗಳಾಗಿ ಬಂದು ಅದನ್ನು ರಚಿಸಿದ ಶಾಲಾ ಮುಖ್ಯೋಪಾಧ್ಯಾಯರನ್ನು ಬೇಹುಗಾರಿಕೆ ಇಲಾಖೆಯವರು ವಿಚಾರಿಸಿದ್ದು, ಇವನ್ನೆಲ್ಲ ಅವರು ಕತೆಯಂತೆ ಹೇಳುತ್ತಾರೆ.

ಮೂರನೆಯ ವಾರದಿಂದ ಐದನೆಯ ವಾರದವರೆಗೆ ಇಂಗ್ಲಿಷ್ ಸುಳಿವುಗಳು. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನಿಜವಾಗಿಯೂ ಕಷ್ಟವಾಗುತ್ತದೆ. ನಾವಿಕ ಎಂದರೆ ಟಾರ್, ಮಾಡೆಲ್ ಎಂದರೆ ಫೋರ್ಡ್ ಕಂಪನಿಯ ಹಳೆಯ ಕಾರಿನಿಂದಾಗಿ ಟಿ, ಬಾತುಕೋಳಿ ಎಂದರೆ ಕ್ರಿಕೆಟ್ಟಿನ ಸೊನ್ನೆಯಿಂದಾಗಿ ಓ, ಹಡಗಿನಲ್ಲಿ ಎಂದರೆ ಸ್ಟೀಮ್‌ಶಿಪ್ಪಿನ ಸಂಕ್ಷೇಪವಾದ ಎರಡು ಎಸ್‌ಗಳ ನಡುವೆ, ಫ್ಲವರ್ ಎಂದು ಬರೆದದ್ದು ಹೂವಾಗಿರದೆ ‘ಫ್ಲೋ’ ಆಗುವ, ಅಂದರೆ ಹರಿಯುವ ನದಿಯೂ ಆಗಿರಬಹುದು. ನೂರು ವರ್ಷಗಳ ಬ್ರಿಟಿಷ್ ರೂಢಿ ಹೀಗೆ ಸಣ್ಣ ಸಣ್ಣ ಸಂಕೇತಗಳಾಗಿ ಗಟ್ಟಿಯಾಗಿ ಕುಳಿತಿದೆ, ಅದನ್ನು ಬಾಯಿಪಾಠ ಮಾಡದೆ ಗತಿಯಿಲ್ಲ. ಮಾಸ್ತರರು ಈ ಪಟ್ಟಿಯನ್ನು ಬಹಳ ವೇಗವಾಗಿ ಓದಿಕೊಂಡು ಹೋಗುತ್ತಾರೆ. ಕೆಸಿಡಿಯಲ್ಲಿ, ಅಂದರೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ, ಓದುತ್ತಿರುವ ಹುಡುಗಿಯೊಬ್ಬಳು ನಾಲ್ಕನೆಯ ವಾರ, “ಸರ್, ಇದನ್ನ ಬರದರ ಕೊಡ್ರಿ, ಕಿವ್ಯಾಗ ನಿಲ್ಲವಲ್ತು” ಎಂದು ಕೇಳಿದ ಮೇಲೆಯೇ ಒಂದು ಪುಟದ ಪಟ್ಟಿ ಕೈಗೆ ಬಂತು. ಅದು ಮೊದಲ ದಿನವೇ ಬರಬೇಕಿತ್ತು. ಅಭ್ಯಾಸಕ್ಕೆ ದಿ ಹಿಂದೂ ಪತ್ರಿಕೆಯಲ್ಲಿ ಬರುವ ಕ್ರಿಪ್ಟಿಕ್ ಪದಬಂಧವನ್ನು ಅವರು ಸೂಚಿಸುತ್ತಾರೆ. ಮೊದಲ ತಿಂಗಳು ದಿನಕ್ಕೆ ಎರಡು ಸುಳಿವು ಬಿಡಿಸಿದರೂ ಸಾಕು, ಆದರೆ ಮರುದಿನ ಬಂದ ಉತ್ತರಗಳನ್ನು ಇಟ್ಟುಕೊಂಡು ಉಳಿದ ಸುಳಿವುಗಳಿಗೆ ಹಿಂದಿನಿಂದ ವಿವರಣೆ ಬರೆಯುವುದನ್ನು ತಪ್ಪಿಸಬಾರದು ಎಂದು ಅವರು ಹೇಳಿದ ಮಾತು ನನಗೆ ಬಹಳ ಉಪಯೋಗಕ್ಕೆ ಬಂದಿದೆ.

ಆರನೆಯ ವಾರ ಕನ್ನಡ ಬಂತು. ಇಡೀ ಸರಣಿಯಲ್ಲಿ ಅತ್ಯಂತ ಸಮೃದ್ಧವಾದದ್ದು ಈ ಭಾಗ.

ಇಂಗ್ಲಿಷಿನಲ್ಲಿ ಒಂದು ಮನೆಗೆ ಬರಬಹುದಾದ ಅಕ್ಷರಗಳು ಕೇವಲ 26. ಕನ್ನಡದಲ್ಲಿ 34 ವ್ಯಂಜನಗಳ ಕಾಗುಣಿತವನ್ನಷ್ಟೇ ಲೆಕ್ಕ ಹಿಡಿದರೂ, ಒತ್ತಕ್ಷರಗಳನ್ನು ಬಿಟ್ಟು, 500 ದಾಟುತ್ತದೆ. ಎಡದಿಂದ ಬಲಕ್ಕೆ ಹೋಗುವ ಪದದಲ್ಲಿ ‘ಕಿ’ ಇದ್ದರೆ ಮೇಲಿನಿಂದ ಕೆಳಕ್ಕೆ ಬರುವ ಪದದಲ್ಲಿಯೂ ಅದೇ ಮನೆಗೆ ‘ಕಿ’ ಬೇಕು, ‘ಕಿ’ಯ ಬದಲು ‘ಕೀ’ ಬಂದರೂ ಕಟ್ಟಡ ಬೀಳುತ್ತದೆ. ಇಂಗ್ಲಿಷ್ ದಿನಪತ್ರಿಕೆಗಳಲ್ಲಿ ಸಾಮಾನ್ಯವಾಗಿ 15 ಸಾಲು, 15 ಕಂಬಗಳ ಚೌಕವಿದ್ದು, ಅದನ್ನು ತಲೆಕೆಳಗು ಮಾಡಿದರೂ ಕಪ್ಪು ಮನೆಗಳು ಅಲ್ಲಲ್ಲಿಯೇ ಬೀಳುವಂತಹ ಸಮತೆ ಇರುತ್ತದೆ. ಕನ್ನಡದಲ್ಲಿ ಆ ಗಾತ್ರವನ್ನು ಆ ಸಮತೆಯೊಂದಿಗೆ ತುಂಬುವುದು ದುಸ್ತರ. ಮಾಸ್ತರರು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್‌ನಿಂದ 9 ಸಾಲಿನ ಚೌಕ ಹಾಕಿ, ಕ, ರ, ನ, ಲ, ವ ಮುಂತಾದ ಗುಣಿತವಿಲ್ಲದ ಅಕ್ಷರಗಳು ಹೆಚ್ಚಾಗಿರುವ ಪದಗಳನ್ನು ಮೊದಲು ಕೂರಿಸಿ, ಅವುಗಳ ಸುತ್ತ ಉಳಿದವನ್ನು ಹೆಣೆಯುವುದನ್ನು ನಮ್ಮ ಕಣ್ಣ ಮುಂದೆಯೇ ಮಾಡಿ ತೋರಿಸಿದರು. ರಬ್ಬರಿನ ಚೂರುಗಳು ಮೇಜಿನ ತುಂಬ ಬಿದ್ದಿದ್ದವು. ಒಂದು ಮೂಲೆ ತುಂಬಲು ಅವರಿಗೇ 25 ನಿಮಿಷ ಹಿಡಿಯಿತು.

ಚೌಕದ ವಿಷಯದಲ್ಲಿ ಕನ್ನಡ ಹೀಗೆ ಬಿಗಿಯಾದರೂ ಸುಳಿವಿನ ವಿಷಯದಲ್ಲಿ ಅದು ಧಾರಾಳ. ‘ಹಿಂದಿನಿಂದ ಹೊರಟರೂ ಮುಂದಿನಿಂದ ಹೊರಟರೂ ತಲುಪುವ ಜಿಲ್ಲೆ (3)’ ಎಂದರೆ ಗದಗ. ನಮ್ಮ ಜೊತೆಗಿದ್ದ, ಗದಗದಿಂದ ರೈಲಿನಲ್ಲಿ ಬರುತ್ತಿದ್ದ ಶಿಕ್ಷಕಿಯೊಬ್ಬರು, ಕುಮಾರವ್ಯಾಸನ ಊರನ್ನು ಪುಸ್ತಕಗಳಲ್ಲಿ ಗದುಗು ಎಂದೂ ಬರೆಯುತ್ತಾರೆ, ಆ ರೂಪದಲ್ಲಿ ಸುಳಿವು ಕೆಲಸ ಮಾಡುವುದಿಲ್ಲ ಎಂದು ಎತ್ತಿ ತೋರಿಸಿದರು. ಜಿಲ್ಲೆ ಎಂದು ಸುಳಿವಿನಲ್ಲಿಯೇ ಇರುವುದರಿಂದ ಸರ್ಕಾರಿ ರೂಪವಾದ ಗದಗ ಒಂದೇ ಸಲ್ಲುತ್ತದೆ ಎಂದು ಮಾಸ್ತರರು ಉತ್ತರ ಕೊಟ್ಟರು. ‘ದಮನ ಕದಡಿದಾಗ ಕಂಡವನು ಕಾಮ (3)’ ಎಂಬುದು ಅಕ್ಷರ ಕಲೆಸುವ ಸುಳಿವು; ದಮನದ ಮೂರು ಅಕ್ಷರಗಳು ಅದಲುಬದಲಾದರೆ ಮದನ. ಹೋಳಿ ಹುಣ್ಣಿಮೆಗೆ ಓಣಿ ಓಣಿಯಲ್ಲಿ ಕಾಮಣ್ಣನನ್ನು ಕೂರಿಸಿ ಸುಡುವ ಹುಬ್ಬಳ್ಳಿಯವಳಾದ ನನಗೆ, ದಮನಗೊಂಡವನ ಹೆಸರು ಆ ದಮನದ ಅಕ್ಷರಗಳಲ್ಲಿಯೇ ಇದೆ ಎಂಬುದು ದೊಡ್ಡ ಸಂತೋಷ ಕೊಟ್ಟಿತು.

‘ದಾರವ ತಿರುಗಿಸಿದರೆ ಹಾವೇರಿಯ ಹೊಳೆ (3)’ ಎಂಬ ಸುಳಿವಿನ ಮೇಲೆ ಮಾತ್ರ ಚರ್ಚೆ ಬಹಳ ಹೊತ್ತು ನಡೆಯಿತು. ದಾರವ ಎಂಬುದನ್ನು ಹಿಂದಿನಿಂದ ಓದಿದರೆ ವರದಾ, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುವ ನದಿ. ಉತ್ತರದಲ್ಲಿ ಯಾರಿಗೂ ತಕರಾರಿರಲಿಲ್ಲ. ಆದರೆ ‘ದಾರವ’ ಎಂಬ ರೂಪ ಪದ್ಯದ್ದು, ಗದ್ಯದಲ್ಲಿ ನಾವು ದಾರವನ್ನು ಎನ್ನುತ್ತೇವೆ. ಹಾಗಿರುವಾಗ ಸುಳಿವು ಓದುಗರಿಗೆ ನ್ಯಾಯವಾಗಿದೆಯೇ ಎಂದು ರೈಲ್ವೆಯ ಹಿರಿಯರು ಪ್ರಶ್ನಿಸಿದರು. ಹಳೆಯ ವಿಭಕ್ತಿ ರೂಪ ಬಳಸಿದರೆ ಇಡೀ ಸುಳಿವೇ ಹಾಡಿನ ಧಾಟಿಯಲ್ಲಿ ಇರಬೇಕು ಎಂದು ಕೊನೆಗೆ ಎಲ್ಲರೂ ಒಪ್ಪಿದರು, ಮಾಸ್ತರರು ಹಲಗೆಯ ಮೇಲೆ ‘ದಾರವ ತಿರುವಲು ಹರಿದಳು ಹಾವೇರಿಯ ಹೊಳೆ’ ಎಂದು ತಿದ್ದಿದರು. ಕಲಿಸುವವರೇ ತಮ್ಮ ಸುಳಿವನ್ನು ಕಲಿಯುವವರ ಮಾತಿನಿಂದ ತಿದ್ದಿಕೊಳ್ಳುವ ಇಂತಹ ತರಗತಿ ನನಗೆ ಬೇರೆ ಕಡೆ ಸಿಕ್ಕಿಲ್ಲ.

ಇಂಗ್ಲಿಷ್ ಸುಳಿವುಗಳಲ್ಲಿ ಇಲ್ಲದ, ಕನ್ನಡಕ್ಕೆ ಒಗ್ಗುವ ಒಂದು ಉಪಾಯವನ್ನು ಅವರು ಏಳನೆಯ ವಾರಕ್ಕೆ ಇಟ್ಟುಕೊಂಡಿದ್ದರು, ಅದು ಸಂಧಿ. ಇಂಗ್ಲಿಷಿನಲ್ಲಿ ಎರಡು ಪದಗಳನ್ನು ಪಕ್ಕಪಕ್ಕದಲ್ಲಿಟ್ಟು ಮೂರನೆಯದನ್ನು ಮಾಡುವಾಗ ಅಕ್ಷರಗಳು ಬದಲಾಗುವುದಿಲ್ಲ. ನಮ್ಮಲ್ಲಿ ಸೇರುವ ಜಾಗದಲ್ಲಿ ಸ್ವರ ಲೋಪವಾಗುತ್ತದೆ, ಹೊಸ ಅಕ್ಷರ ಬರುತ್ತದೆ, ಇದ್ದ ಅಕ್ಷರ ಬೇರೆಯಾಗುತ್ತದೆ. ಶಾಲೆಯಲ್ಲಿ ಅಂಕಗಳಿಗಾಗಿ ಕಲಿತು ಮರೆತಿದ್ದ ಲೋಪ, ಆಗಮ, ಆದೇಶಗಳು ಇಲ್ಲಿ ಜೀವಂತ ಸಲಕರಣೆಗಳಾಗುತ್ತವೆ. ‘ಸರ್ಪ ಹತ್ತಿ ಸೇರಿದ ಏಲಕ್ಕಿ ಹಾರದ ಊರು (3)’ ಎಂಬುದನ್ನು ನೋಡಿ. ಹತ್ತಿ ಎಂದ ಕೂಡಲೇ ನಮ್ಮ ಭಾಗದವರ ತಲೆಗೆ ಬರುವುದು ಹೊಲದ ಹತ್ತಿ, ಎಪಿಎಂಸಿಗೆ ಬರುವ ಹತ್ತಿ. ಇಲ್ಲಿ ಅದು ಹತ್ತುವುದು, ಅಂದರೆ ಏರಿ. ಸರ್ಪ ಎಂದರೆ ಹಾವು. ಹಾವು ಮತ್ತು ಏರಿ ಸೇರಿದಾಗ ಉಕಾರ ಲೋಪವಾಗಿ ಹಾವೇರಿ. ನೋಟುಬುಕ್ಕಿನ ಮೊದಲ ಕಾಲಂಗೆ ‘ಏಲಕ್ಕಿ ಹಾರದ ಊರು’, ಎರಡನೆಯದಕ್ಕೆ ‘ಸರ್ಪ ಹತ್ತಿ ಸೇರಿದ’, ಮೂರನೆಯದು ಖಾಲಿ. ‘ಮುಂಜಾನೆಯ ಹಬೆಯಲ್ಲಿ ಕಂಡ ಕುಂದಾ ನಗರಿ (4)’ ಎಂಬುದನ್ನು ಅದೇ ದಾರಿಯಲ್ಲಿ ನಾನೇ ಬಿಡಿಸಿದೆ: ಬೆಳಗು ಮತ್ತು ಆವಿ ಸೇರಿ ಬೆಳಗಾವಿ.

ಇಂಗ್ಲಿಷಿನಲ್ಲಿ ಬರೆಯುವುದು ಒಂದು, ಉಚ್ಚರಿಸುವುದು ಇನ್ನೊಂದು ಆದುದರಿಂದ ಕೇಳಲು ಒಂದೇ ತರಹ ಇರುವ ಪದಗಳ ಮೇಲೆ ಅಲ್ಲಿ ನೂರಾರು ಸುಳಿವುಗಳು ನಿಂತಿವೆ. ಬರೆದಂತೆ ಓದುವ ಕನ್ನಡದಲ್ಲಿ ಆ ದಾರಿ ಬಹುತೇಕ ಮುಚ್ಚಿದೆ. ಅದರ ಬದಲು ಮಾಸ್ತರರು ನಮ್ಮ ಆಡುಮಾತನ್ನು ತರುತ್ತಾರೆ. ‘ನಮ್ಮ ಕಡೆಯ ಕಪ್ಪು ಹಕ್ಕಿಯ ವಾಸಸ್ಥಾನವೇ ಆದಿಕೇಶವನದು (4)’. ಗ್ರಂಥದಲ್ಲಿ ಕಾಗೆ, ನಮ್ಮ ಕಡೆ ಕಾಗಿ, ವಾಸಸ್ಥಾನ ನೆಲೆ, ಎರಡೂ ಸೇರಿ ಕಾಗಿನೆಲೆ, ಕನಕದಾಸರು ತಮ್ಮ ಅಂಕಿತದಲ್ಲಿ ನೆನೆದ ಆದಿಕೇಶವನ ಊರು. ಬೆಂಗಳೂರು, ಮೈಸೂರಿನವರಿಗೆ ಈ ಸುಳಿವು ಬಿಡಿಸುವುದು ತುಸು ತಡವಾಗಬಹುದು. ಅದು ಅನ್ಯಾಯವಲ್ಲ, ಏಕೆಂದರೆ ‘ನಮ್ಮ ಕಡೆಯ’ ಎಂಬ ಎಚ್ಚರಿಕೆ ಸುಳಿವಿನಲ್ಲಿಯೇ ಇದೆ.

ಕನಕದಾಸರ ಮುಂಡಿಗೆಗಳು, ಅಲ್ಲಮಪ್ರಭುವಿನ ಬೆಡಗಿನ ವಚನಗಳು, ಹಳ್ಳಿಯ ಒಗಟುಗಳು ಇರುವ ಭಾಷೆಗೆ ಈ ಆಟ ಹೊಸದೇನಲ್ಲ ಎಂದು ಹೇಳುವವರಿದ್ದಾರೆ. ನನಗೆ ಒಂದು ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಒಗಟು ಹೋಲಿಕೆಯಿಂದ ಉತ್ತರಕ್ಕೆ ಕರೆದೊಯ್ಯುತ್ತದೆ, ಹೇಳಿದವರು ಹೌದೆಂದಾಗಲೇ ಅದು ಸರಿ. ಮುಂಡಿಗೆ ಬಿಡಿಸಲು ಆ ಪರಂಪರೆಯ ಪರಿಭಾಷೆ ಬಲ್ಲವರು ಬೇಕು. ಕ್ರಿಪ್ಟಿಕ್ ಸುಳಿವಿನಲ್ಲಿ ಅರ್ಥದ ದಾರಿ ಒಂದು, ಅಕ್ಷರದ ದಾರಿ ಇನ್ನೊಂದು. ಎರಡೂ ಒಂದೇ ಪದದಲ್ಲಿ ಕೂಡಿದಾಗ ಉತ್ತರ ಸರಿಯೆಂದು ಯಾರನ್ನೂ ಕೇಳಬೇಕಾಗಿಲ್ಲ. ಇದಕ್ಕೆ ಹೆಚ್ಚು ಹತ್ತಿರದ ನೆಂಟಸ್ತಿಕೆ ಇರುವುದು ನಮ್ಮ ಒಡಪಿಗೆ. ಮದುವೆ, ಸೀಮಂತಗಳಲ್ಲಿ ಗಂಡನ ಹೆಸರನ್ನು ಪ್ರಾಸದ ಸಾಲಿನೊಳಗೆ ಕೂರಿಸಿ ಹೇಳುವಾಗ ನಮ್ಮ ಹೆಣ್ಣುಮಕ್ಕಳು ಒಂದು ಹೆಸರಿಗಾಗಿ ಇಡೀ ವಾಕ್ಯವನ್ನು ಕಟ್ಟುತ್ತಾರೆ, ಮತ್ತು ಆ ವಾಕ್ಯ ಹೆಸರಿಲ್ಲದೆಯೂ ಕೇಳಲು ಚೆಂದವಾಗಿರಬೇಕು. ನನ್ನ ತಾಯಿ ಒಡಪು ಹೇಳುವುದರಲ್ಲಿ ಓಣಿಗೆಲ್ಲ ಹೆಸರಾದವರು. ಅವರಿಗೆ ‘ಸುಮಾರು ತಿರುವುಗಳ’ ಸುಳಿವನ್ನು ಹೇಳಿದಾಗ ಚಪಾತಿ ಲಟ್ಟಿಸುತ್ತಲೇ ಎರಡು ನಿಮಿಷದಲ್ಲಿ ಮಾರುತಿಯನ್ನು ಹಿಡಿದರು.

ಕೊನೆಯ ವಾರ ನಾವೇ ಸುಳಿವು ಬರೆದು ತರಬೇಕಿತ್ತು. ನಾನು ‘ರವಾ’ ಎಂಬ ಪದಕ್ಕೆ ಬರೆದದ್ದು ಹೀಗಿತ್ತು: ‘ಧಾರವಾಡದ ಒಳಗೆ ಬಿಸಿಬಿಸಿಯಾಗಿ ಸಿಕ್ಕ ಉಪ್ಪಿಟ್ಟಿನ ಸಾಮಗ್ರಿ (2)’. ಧಾ ಮತ್ತು ಡ ನಡುವೆ ರವಾ ಇರುವುದನ್ನು ಕಂಡು ಎರಡು ದಿನ ಸಂಭ್ರಮಪಟ್ಟಿದ್ದೆ. ಮಾಸ್ತರರು ಓದಿ, ಮುಗುಳ್ನಕ್ಕು, ‘ಬಿಸಿಬಿಸಿಯಾಗಿ’ ಎಂಬ ಪದದ ಸುತ್ತ ಕೆಂಪು ಪೆನ್ನಿನಿಂದ ಒಂದು ವೃತ್ತ ಹಾಕಿದರು. “ಭಾಳ ಛಲೋ ಐತಿ. ಆದ್ರ ಇದು ಎಲ್ಲಿ ಕೂಡತೈತ್ರೀ?” ಅದು ಅರ್ಥದಲ್ಲಿಯೂ ಇಲ್ಲ, ಅಕ್ಷರದ ಆಟದಲ್ಲಿಯೂ ಇಲ್ಲ, ರವಾ ಬಿಸಿಯಾಗಿರುವುದಿಲ್ಲ, ಉಪ್ಪಿಟ್ಟು ಬಿಸಿಯಾಗಿರುತ್ತದೆ. ಆ ಪದವನ್ನು ತೆಗೆದ ಮೇಲೆ ಸುಳಿವು ಚಿಕ್ಕದಾಯಿತು, ಒಂದು ಪದವೂ ದಂಡವಾಗದಂತೆ ನಿಂತಿತು.

ಕೊರತೆಗಳನ್ನೂ ಹೇಳಬೇಕು. ಝೆರಾಕ್ಸ್ ಪ್ರತಿಗಳಲ್ಲಿ ಅಕ್ಷರ ತೀರ ಚಿಕ್ಕದು, ಎರಡು ಪುಟವನ್ನು ಒಂದರಲ್ಲಿ ಇಳಿಸಿರುವುದರಿಂದ ಕನ್ನಡದ ಒತ್ತಕ್ಷರಗಳು ಮಸಿಯ ಚುಕ್ಕೆಗಳಾಗಿ ಕಾಣುತ್ತವೆ, ಒತ್ತಕ್ಷರವೇ ಮುಖ್ಯವಾದ ಆಟದಲ್ಲಿ ಇದು ಸಣ್ಣ ದೋಷವಲ್ಲ. ಪಕ್ಕದ ಕಟ್ಟಡದ ತರಬೇತಿ ತರಗತಿಯ ಮೈಕಿನ ಸದ್ದು ಹನ್ನೊಂದರ ನಂತರ ಕಿಟಕಿಯಿಂದ ನೇರವಾಗಿ ಬರುತ್ತದೆ. ಮಹಡಿಯ ಮೆಟ್ಟಿಲು ಕಡಿದಾಗಿದೆ, ಕಂಬಿಯಿಲ್ಲ. ಮೊಣಕಾಲು ನೋವಿರುವ ಹಿರಿಯರಿಗೆ ಏರುವುದು ಕಷ್ಟ. ಇವೆಲ್ಲಕ್ಕಿಂತ ಮುಖ್ಯವಾದದ್ದು, 8 ವಾರಗಳಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಮೂರೇ ವಾರ. ಇಂಗ್ಲಿಷ್ ಸುಳಿವುಗಳನ್ನು ಕಲಿಸುವ ಪುಸ್ತಕಗಳು, ವಿಡಿಯೋಗಳು ಬೇಕಾದಷ್ಟಿವೆ. ಕನ್ನಡದ ಸಂಧಿಯನ್ನೂ ಆಡುಮಾತನ್ನೂ ಹಿಡಿದು ಸುಳಿವು ಕಟ್ಟುವುದನ್ನು ಕಲಿಸುವವರು ನನಗೆ ತಿಳಿದಂತೆ ಇವರೊಬ್ಬರೇ ಆಗಿರುವಾಗ, ಅರ್ಧ ಸರಣಿಯನ್ನಾದರೂ ಅದಕ್ಕೆ ಕೊಡಬೇಕು.

ಪತ್ರಿಕೆಯ ಪದಬಂಧವನ್ನು ಹತ್ತು ನಿಮಿಷದಲ್ಲಿ ಮುಗಿಸಿ ಇನ್ನೇನು ಎಂದು ಕೇಳುವವರು, ಭಾಷಾ ಶಿಕ್ಷಕರು, ವ್ಯಾಕರಣವನ್ನು ಮಕ್ಕಳಿಗೆ ರುಚಿಯಾಗಿ ಕಲಿಸಬೇಕೆಂದಿರುವವರು ಹಿಂದುಮುಂದು ನೋಡದೆ ಸೇರಬಹುದು. ಸ್ಪರ್ಧಾತ್ಮಕ ಪರೀಕ್ಷೆಯ ಶಬ್ದಸಂಪತ್ತಿಗಾಗಿ ಬರುವವರಿಗೆ ಇದು ನಿಧಾನವೆನಿಸುತ್ತದೆ. ನಮ್ಮ ಸರಣಿಯಲ್ಲಿ ಅಂತಹ ಇಬ್ಬರು ಮೂರನೆಯ ವಾರಕ್ಕೇ ನಿಂತರು. ಇಂಗ್ಲಿಷ್ ಅಷ್ಟಾಗಿ ಬಾರದವರು ಮೊದಲೇ ಮಾಸ್ತರರೊಂದಿಗೆ ಮಾತನಾಡಿ ಕನ್ನಡದ ವಾರಗಳಿಗೆ ಮಾತ್ರ ಬರಲು ಕೇಳಿಕೊಳ್ಳಬಹುದು, ಅವರು ಒಪ್ಪುತ್ತಾರೆ. ಪೆನ್ಸಿಲ್, ರಬ್ಬರ್, 200 ಪುಟದ ನೋಟುಬುಕ್ಕು ಮತ್ತು ಮನೆಯಲ್ಲಿರುವ ಯಾವುದಾದರೂ ಒಂದು ಕನ್ನಡ ನಿಘಂಟನ್ನು ತರಬೇಕು. ಹುಬ್ಬಳ್ಳಿಯಿಂದ ಬರುವವರು ಚಿಗರಿ ಬಸ್ಸಿನಲ್ಲಿ ಜ್ಯುಬಿಲಿ ಸರ್ಕಲ್‌ಗೆ ಇಳಿದು ಆಟೊ ಹಿಡಿದರೆ ಸಾಕು.

ಮುಂದಿನ ಸರಣಿ ದಸರೆ ಮುಗಿದ ಮೇಲಿನ ಮೊದಲ ಭಾನುವಾರ ಆರಂಭವಾಗುತ್ತದೆ. ಕೆಳಗಿನ ಪಡಸಾಲೆಯಲ್ಲಿ ತರಗತಿ ನಡೆಸುವುದಾದರೆ ತಾವೂ ಹೆಸರು ಬರೆಸುವುದಾಗಿ ನನ್ನ ತಾಯಿ ಹೇಳಿದ್ದಾರೆ. ಆ ಮಾತನ್ನು ಮಾಸ್ತರರಿಗೆ ಮುಟ್ಟಿಸಿದ್ದೇನೆ.